ಅಮ್ಮಂಗೆ ಕಣ್ಣಿನ ಹಿಂದೆ ತಲೆನೋವು, ಈಗ ರೆಪ್ಪೆನೂ ಇಳಿದಿದೆ, ಏನ್ ಮಾಡೋದು?

ಶ್ರೀನಿವಾಸಪುರದವ:
ಅಮ್ಮಂಗೆ 52 ವರ್ಷ, ಶುಗರ್ ಇದೆ. ಮೂರು ವಾರದಿಂದ ಬಲಗಣ್ಣಿನ ಹಿಂದೆ ಕೊರೆಯೋ ಥರ ನೋವು, ಮಾವಿನ ತೋಪಲ್ಲಿ ಬಿಸಿಲಿಗೆ ನಿಂತಿದ್ದಕ್ಕೆ ಅರೆತಲೆನೋವು ಬಂದಿರಬೇಕು ಅಂತ ಮೆಡಿಕಲ್ ಶಾಪಿಂದ ಮಾತ್ರೆ ತಂದು ಕೊಡ್ತಾ ಇದ್ವಿ. ನಿನ್ನೆ ಬೆಳಿಗ್ಗೆ ನೋಡಿದ್ರೆ ರೆಪ್ಪೆ ಅರ್ಧ ಇಳಿದುಬಿಟ್ಟಿದೆ, ಕೈಯಿಂದ ಎತ್ತಿ ಹಿಡಿದ್ರೆ ಒಂದು ಲೋಟ ಎರಡಾಗಿ ಕಾಣುತ್ತೆ ಅಂತಾಳೆ. ಕೋಲಾರದಲ್ಲಿ ಕಣ್ಣಿನ ಡಾಕ್ಟ್ರು ಇದು ನರದ್ದು, ತಕ್ಷಣ ನ್ಯೂರೋಗೆ ತೋರಿಸಿ ಅಂದ್ರು. ಅಪ್ಪ ಮುಂದಿನ ವಾರ ಹೋಗೋಣ ಅಂತಾರೆ, ಪಕ್ಕದ ಮನೆಯವರು ಸ್ಟೀರಾಯ್ಡ್ ಮಾತ್ರೆಗೆ ಎರಡೇ ದಿನದಲ್ಲಿ ಸರಿಹೋಗುತ್ತೆ ಅಂತಾರೆ. ಕೊಡಬಹುದಾ?

ನರ್ಸಕ್ಕ ಚಿಂತಾಮಣಿ:
ಮುಂದಿನ ವಾರ ಅಲ್ಲಪ್ಪ, ಇವತ್ತೇ ಹೊರಡಿ. ರೆಪ್ಪೆ ಎತ್ತೋದು, ಕಣ್ಣು ಹೊರಳಿಸೋದು ಮೆದುಳಿಂದ ಬರೋ ಮೂರನೇ ನರದ ಕೆಲಸ, ಅದರ ಪಕ್ಕದಲ್ಲೇ ಹೋಗೋ ರಕ್ತನಾಳ ಗುಳ್ಳೆ ಥರ ಊದಿಕೊಂಡು ನರ ಒತ್ತಿದ್ರೂ ಹೀಗೇ ಆಗುತ್ತೆ, ಅದು ಒಡೆದ್ರೆ ಜೀವಕ್ಕೇ ಅಪಾಯ. ಎರಡು ಕಣ್ಣಿನ ಪಾಪೆನೂ ನೋಡಿ, ಬಲಗಡೆದು ದೊಡ್ಡದಿದ್ರೆ ಒಂದು ಗಂಟೆನೂ ಕಾಯಬೇಡಿ. ಸಮ ಇದ್ರೂ ಸುಮ್ನೆ ಕೂರಬೇಡಿ. ಬರೀ ಶುಗರಿಂದಲೂ ಈ ನರ ಕೈಕೊಡುತ್ತೆ, ಆದ್ರೆ ಅದನ್ನ ಸ್ಕ್ಯಾನ್ ನೋಡಿದ ಡಾಕ್ಟ್ರು ಹೇಳಬೇಕು. ನಿಮ್ಹಾನ್ಸಲ್ಲಿ ಎಮರ್ಜೆನ್ಸಿ 24 ಗಂಟೆನೂ ಇರುತ್ತೆ.

ಮುಳಬಾಗಿಲು ಹುಡುಗ:
ನಮ್ಮ ಮಾವಂಗೂ ಹೀಗೇ ಆಗಿತ್ತು ಅಣ್ಣ, ಕೊನೆಗೆ ಟೊಲೋಸಾ ಹಂಟ್ ಅಂದ್ರು, ಕಣ್ಣಿನ ಹಿಂದೆ ನರಗಳು ಹಾದುಹೋಗೋ ಜಾಗದಲ್ಲಿ ಉರಿಯೂತ, ತುಂಬ ಅಪರೂಪದ್ದು. ಸ್ಟೀರಾಯ್ಡಿಗೆ ಎರಡು ದಿನದಲ್ಲಿ ನೋವು ಇಳೀತು ನಿಜ, ರೆಪ್ಪೆ ಏಳೋಕೆ ವಾರಗಟ್ಟಲೆ ಹಿಡೀತು. ಆದ್ರೆ ಅದನ್ನ ಶುರುಮಾಡೋಕೆ ಮುಂಚೆ ಕಾಂಟ್ರಾಸ್ಟ್ (ಸ್ಕ್ಯಾನಲ್ಲಿ ಸ್ಪಷ್ಟವಾಗಿ ಕಾಣೋಕೆ ಚುಚ್ಚೋ ಔಷಧಿ) ಹಾಕಿ ಎಂಆರ್‌ಐ, ರಕ್ತಪರೀಕ್ಷೆ ಎಲ್ಲ ಮಾಡಿ ಗೆಡ್ಡೆ, ಟಿಬಿ, ಫಂಗಸ್ ಯಾವುದೂ ಇಲ್ಲ ಅಂತ ಖಾತ್ರಿ ಮಾಡ್ಕೊಂಡ್ರು. ಶುಗರ್ ಇರೋರಿಗೆ ಕಪ್ಪು ಫಂಗಸ್ ಬಂದಿದ್ರೆ ಸ್ಟೀರಾಯ್ಡ್ ಬೆಂಕಿಗೆ ತುಪ್ಪ ಸುರಿದ ಹಾಗೆ, ಕೋವಿಡ್ ಟೈಮಲ್ಲಿ ಎಲ್ಲರೂ ನೋಡಿದೀವಿ. ನೀವಾಗೇ ಕೊಡಲೇಬೇಡಿ. ಅಮ್ಮನ ಕಿಡ್ನಿ ರಿಪೋರ್ಟು, ಶುಗರ್ ಮಾತ್ರೆ ಚೀಟಿ ಜೊತೆಗಿರಲಿ, ಕಾಂಟ್ರಾಸ್ಟ್ ಕೊಡೋ ಮುಂಚೆ ಕೇಳ್ತಾರೆ.

ಮಾಲೂರು ಅಕ್ಕ:
ನಂದು ಐದನೇ ನರದ್ದು, ಟ್ರೈಜೆಮಿನಲ್ ನ್ಯೂರಾಲ್ಜಿಯ ಅಂತ ಮುಖದ ನರದ ನೋವು. ಹಲ್ಲುಜ್ಜಿದ್ರೆ, ತಣ್ಣನೆ ಗಾಳಿ ತಾಕಿದ್ರೆ ಸಾಕು, ಕೆನ್ನೆಗೆ ಕರೆಂಟ್ ಹೊಡೆದ ಹಾಗೆ. ಹಲ್ಲುನೋವು ಅಂತ ಎರಡು ಹಲ್ಲು ಕೀಳಿಸಿಕೊಂಡೆ, ಆಮೇಲೆ ಗೊತ್ತಾಗಿ ಕಾರ್ಬಮಜೆಪಿನ್ ಮಾತ್ರೆಗೆ ಹಿಡಿತಕ್ಕೆ ಬಂತು. ನಿಮ್ಮಮ್ಮಂದು ಆ ಥರ ಅಲ್ಲ, ಎರಡೆರಡು ಕಾಣೋದು ಇದರಲ್ಲಿರಲ್ಲ. ಹೊರಡಿ ತಮ್ಮ.

ಶ್ರೀನಿವಾಸಪುರದವ:
ಟಾರ್ಚ್ ಬಿಟ್ಟು ನೋಡ್ದೆ, ಬಲಗಡೆ ಪಾಪೆ ದೊಡ್ಡದಾಗೇ ಇದೆ. ಅಪ್ಪಂಗೂ ತೋರಿಸ್ದೆ. ಕಾರ್ ಬಂತು, ಹೊರಟ್ವಿ ಅಕ್ಕ.