ಮನೆಯಲ್ಲಿ ನಾಲ್ಕು ಯಂತ್ರ, ಕಂಟ್ರೋಲರ್ ಮಾತ್ರ ಒಂದು: ದುರಸ್ತಿಯವರಿಗೆ ಕೇಳಿ

ಈ ವಾರ ಗುಂಪಿನಲ್ಲಿ ಉತ್ತರಿಸುತ್ತಿರುವವರು ಬೆಂಗಳೂರಿನಲ್ಲಿ ಹದಿನಾಲ್ಕು ವರ್ಷಗಳಿಂದ ಗೇಮ್ ಕನ್ಸೋಲ್ (ಆಟದ ಯಂತ್ರ) ಮತ್ತು ಕಂಟ್ರೋಲರ್ (ಕೈಯಲ್ಲಿ ಹಿಡಿದು ಆಡುವ ಗುಂಡಿಗಳ ಉಪಕರಣ) ದುರಸ್ತಿ ಮಾಡುತ್ತಿರುವವರು. ಹೊಸದನ್ನು ಇವರು ಮಾರುವುದಿಲ್ಲ, ಹಾಗಾಗಿ ಯಾವ ಕಂಪನಿಯ ಹಂಗೂ ಇಲ್ಲ.

ಪ್ರಶ್ನೆ (ದಾವಣಗೆರೆಯಿಂದ): ಸರ್, ನಮಸ್ಕಾರ. ನನಗೆ ಈ ಆಟಗಳ ಗಂಧಗಾಳಿ ಇಲ್ಲ. ಇಬ್ಬರು ಗಂಡುಮಕ್ಕಳು. ಚಿಕ್ಕವನದು ಪ್ಲೇಸ್ಟೇಷನ್ 5. ಅದರ ಜೊತೆ ಬಂದಿದ್ದ ಕಂಟ್ರೋಲರ್ ನೀರಿನ ಬಕೆಟ್ಟಿಗೆ ಬಿದ್ದು ಕೆಟ್ಟಿತು, ಹೇಗೆ ಬಿತ್ತೆಂದು ಕೇಳಬೇಡಿ. ದೊಡ್ಡವನು ವಿಂಡೋಸ್ ಲ್ಯಾಪ್‌ಟಾಪ್‌ನಲ್ಲಿ ಆಡುತ್ತಾನೆ, ಕೆಲವೊಮ್ಮೆ ಆಂಡ್ರಾಯ್ಡ್ ಫೋನಿನಲ್ಲಿ. ಮುಂದಿನ ತಿಂಗಳು ಡಲ್ಲಾಸ್‌ನಿಂದ ಬರುವಾಗ ನನ್ನ ಮೈದುನ ನಿಂಟೆಂಡೊ ಸ್ವಿಚ್ ತರುತ್ತಾನಂತೆ. ಎಲ್ಲದಕ್ಕೂ ಆಗುವಂಥ ವೈರ್‌ಲೆಸ್ ಕಂಟ್ರೋಲರ್ ಒಂದನ್ನು ಆರು ಸಾವಿರ ರೂಪಾಯಿಯೊಳಗೆ ಹೇಳಿ. ‘ಎಲ್ಲ ಸಾಧನಗಳಿಗೂ ಹೊಂದುತ್ತದೆ’ ಎಂದು ಬರೆದಿರುವುದು ಆನ್‌ಲೈನ್‌ನಲ್ಲಿ 1,800 ರೂಪಾಯಿಗೇ ಸಿಗುತ್ತಿದೆ. ಅದನ್ನೇ ತರಿಸಲೇ?

ಉತ್ತರ: ಅಕ್ಕಾ, ಸದ್ಯ ಅದನ್ನು ತರಿಸಬೇಡಿ. ಅದು ಕೆಟ್ಟ ಸರಕೆಂದು ಹೇಳುತ್ತಿಲ್ಲ. ಅದರ ವಿವರದಲ್ಲಿ ‘ಎಲ್ಲ’ ಎಂಬ ಮಾತಿನ ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಪಟ್ಟಿ ಇರುತ್ತದೆ, ಓದಿ ನೋಡಿ. ವಿಂಡೋಸ್, ಆಂಡ್ರಾಯ್ಡ್, ಐಫೋನ್, ಸ್ವಿಚ್ ಇರುತ್ತವೆ. ಪ್ಲೇಸ್ಟೇಷನ್ 5 ಇರುವುದಿಲ್ಲ, ಎಕ್ಸ್‌ಬಾಕ್ಸ್ ಕೂಡ ಇರುವುದಿಲ್ಲ. ನಿಮ್ಮ ಚಿಕ್ಕ ಮಗನ ಪಾಲಿಗೆ ಆ ‘ಎಲ್ಲ’ದಲ್ಲಿ ಏನೂ ಇಲ್ಲ.

ಇದು ಬ್ಲೂಟೂತ್‌ನ ದೋಷವಲ್ಲ. ಬ್ಲೂಟೂತ್ ಬಾಗಿಲು ತಟ್ಟುತ್ತದೆ ಅಷ್ಟೆ, ತೆರೆಯಬೇಕಾದವರು ಒಳಗಿರುವವರು. ಲ್ಯಾಪ್‌ಟಾಪ್ ಮತ್ತು ಫೋನು ಬಂದವರನ್ನೆಲ್ಲ ಕೂರಿಸಿ ಮಾತನಾಡಿಸುತ್ತವೆ. ಕನ್ಸೋಲ್‌ಗಳು ಗುರುತಿನ ಚೀಟಿ ಕೇಳುತ್ತವೆ. ಪ್ಲೇಸ್ಟೇಷನ್ 5ರ ಆಟಗಳಿಗೆ ಅದನ್ನು ತಯಾರಿಸುವ ಸೋನಿಯದೇ ಕಂಟ್ರೋಲರ್ ಡ್ಯುಯಲ್‌ಸೆನ್ಸ್ ಬೇಕು, ಇಲ್ಲವೇ ಸೋನಿಯ ಪರವಾನಗಿ ಪಡೆದ ಬೇರೆ ಕಂಪನಿಯದು. ಅಂಥವು ಹೆಚ್ಚಾಗಿ ಡ್ಯುಯಲ್‌ಸೆನ್ಸ್‌ಗಿಂತ ದುಬಾರಿ. ಸೋನಿಯದೇ ಹಳೆಯ ಡ್ಯುಯಲ್‌ಶಾಕ್ 4 ಕೂಡ ಪ್ಲೇಸ್ಟೇಷನ್ 5ಕ್ಕೆ ಜೋಡಣೆಯಾಗುತ್ತದೆ, ಪ್ಲೇಸ್ಟೇಷನ್ 4ರ ಆಟಗಳನ್ನು ಆಡಿಸುತ್ತದೆ, ಹೊಸ ಆಟ ಹಾಕಿದ ಕೂಡಲೇ ಆಗದು ಎಂದು ಪರದೆಯ ಮೇಲೆ ಬರುತ್ತದೆ. ಎಕ್ಸ್‌ಬಾಕ್ಸ್‌ನದೂ ಇದೇ ಹಟ. ಪರವಾನಗಿ ಇಲ್ಲದ ಉಪಕರಣಗಳನ್ನು 2023ರ ನವೆಂಬರ್‌ನಿಂದ ಅದು ಹೊರಗಿಟ್ಟಿದೆ.

ಆದ್ದರಿಂದ ಅಂಗಡಿಗೆ ಬಂದು ಈ ಪ್ರಶ್ನೆ ಕೇಳುವವರಿಗೆ ನನ್ನದು ಒಂದೇ ಮರುಪ್ರಶ್ನೆ: ನಿಮ್ಮ ಮನೆಯಲ್ಲಿ ಅತಿ ಹಟಮಾರಿ ಯಂತ್ರ ಯಾವುದು? ಅದು ಒಪ್ಪುವ ಕಂಟ್ರೋಲರನ್ನು ಕೊಳ್ಳಿ, ಉಳಿದವನ್ನು ಹೇಗಾದರೂ ಒಪ್ಪಿಸಬಹುದು. ನಿಮ್ಮ ಮನೆಯಲ್ಲಿ ಆ ಪಟ್ಟ ಪ್ಲೇಸ್ಟೇಷನ್‌ನದು. ಡ್ಯುಯಲ್‌ಸೆನ್ಸ್ ತೆಗೆದುಕೊಳ್ಳಿ. ಹಬ್ಬದ ರಿಯಾಯಿತಿ ಕಾದು ಕೊಂಡರೆ ನಿಮ್ಮ ಲೆಕ್ಕದೊಳಗೇ ಮುಗಿಯುತ್ತದೆ.

ದೊಡ್ಡವನ ಫೋನಿಗೆ: ‘ಕ್ರಿಯೇಟ್’ ಗುಂಡಿಯನ್ನೂ ಪಿಎಸ್ ಗುಂಡಿಯನ್ನೂ ಒಟ್ಟಿಗೆ ಒತ್ತಿ ಹಿಡಿದರೆ ದೀಪ ಮಿನುಗುತ್ತದೆ, ಆಗ ಫೋನಿನ ಬ್ಲೂಟೂತ್ ಪಟ್ಟಿಯಲ್ಲಿ ಹೆಸರು ಕಾಣುತ್ತದೆ. ಲ್ಯಾಪ್‌ಟಾಪ್‌ಗೂ ಹಾಗೆಯೇ. ಅಲ್ಲಿ ಒಂದು ಕಿರಿಕಿರಿ ಇದೆ. ವಿಂಡೋಸ್‌ನ ಅನೇಕ ಆಟಗಳಿಗೆ ಎಕ್ಸ್‌ಬಾಕ್ಸ್ ಕಂಟ್ರೋಲರ್‌ನ ಭಾಷೆ ಬಿಟ್ಟು ಬೇರೆ ತಿಳಿಯದು. ಆಟಗಳನ್ನು ಕೊಂಡು ತೆರೆಯುವ ಸ್ಟೀಮ್ ತಂತ್ರಾಂಶ ನಡುವೆ ನಿಂತು ಭಾಷಾಂತರ ಮಾಡುತ್ತದೆ. ಬೇರೆಡೆ ಕೊಂಡ ಆಟವನ್ನೂ ಸ್ಟೀಮ್‌ನ ಪಟ್ಟಿಗೆ ಸೇರಿಸಿ ಅಲ್ಲಿಂದಲೇ ತೆರೆದರೆ ಸಾಮಾನ್ಯವಾಗಿ ಸಾಕು. ಬೆರಳಿಗೆ ಬಿಗಿಯಾಗಿ ತಡೆಯೊಡ್ಡುವ ಟ್ರಿಗರ್‌ನ ಸೊಗಸು ಲ್ಯಾಪ್‌ಟಾಪ್‌ನಲ್ಲಿ ಬೇಕಿದ್ದರೆ ಬಹುತೇಕ ಆಟಗಳಿಗೆ ಕೇಬಲ್ ಹಾಕಲೇಬೇಕು. ಕಂಟ್ರೋಲರ್‌ಗೆ ಸಿಕ್ಕಿಸಿದ ಇಯರ್‌ಫೋನ್ ಕೂಡ ಅಲ್ಲಿ ಬ್ಲೂಟೂತ್ ಮೇಲೆ ಮಾತನಾಡುವುದಿಲ್ಲ. ಇದನ್ನು ‘ಜ್ಯಾಕ್ ಕೆಟ್ಟಿದೆ’ ಎಂದು ತಿಂಗಳಿಗೆ ಇಬ್ಬರಾದರೂ ನನ್ನಲ್ಲಿಗೆ ತರುತ್ತಾರೆ. ಅವರಿಂದ ಹಣ ತೆಗೆದುಕೊಳ್ಳುವುದಿಲ್ಲ.

ಮೊದಲೆಲ್ಲ ಲ್ಯಾಪ್‌ಟಾಪ್‌ಗೆ ಜೋಡಿಸಿದರೆ ಪ್ಲೇಸ್ಟೇಷನ್‌ನ ನೆನಪು ಅಳಿಸಿಹೋಗಿ ಅಣ್ಣತಮ್ಮಂದಿರ ಜಗಳಕ್ಕೆ ಕಾರಣವಾಗುತ್ತಿತ್ತು. 2025ರ ಸೆಪ್ಟೆಂಬರ್‌ನ ಅಪ್‌ಡೇಟ್ ನಂತರ ಡ್ಯುಯಲ್‌ಸೆನ್ಸ್ ನಾಲ್ಕು ಯಂತ್ರಗಳನ್ನು ನೆನಪಿಟ್ಟುಕೊಳ್ಳುತ್ತದೆ. ತ್ರಿಕೋನ, ವೃತ್ತ, ಕ್ರಾಸ್, ಚೌಕ, ಒಂದೊಂದು ಗುಂಡಿಗೆ ಒಂದೊಂದು ಯಂತ್ರ. ಪಿಎಸ್ ಗುಂಡಿಯ ಜೊತೆ ಬೇಕಾದದ್ದನ್ನು ಕೆಲವು ಸೆಕೆಂಡು ಒತ್ತಿ ಹಿಡಿದರೆ ಆ ಯಂತ್ರಕ್ಕೆ ಹೋಗುತ್ತದೆ.

ಉಳಿದದ್ದು ಸ್ವಿಚ್. ಅದು ಡ್ಯುಯಲ್‌ಸೆನ್ಸನ್ನು ನೇರವಾಗಿ ಒಪ್ಪುವುದಿಲ್ಲ. ಅದನ್ನು ಟಿವಿಗೆ ಜೋಡಿಸುವ ಪೀಠದ, ಅಂದರೆ ಡಾಕ್‌ನ, ಯುಎಸ್‌ಬಿ ಕಿಂಡಿಗೆ ಸಿಕ್ಕಿಸುವ ಹೆಬ್ಬೆರಳುದ್ದದ ವೈರ್‌ಲೆಸ್ ಅಡಾಪ್ಟರ್ ಸಿಗುತ್ತದೆ. 8ಬಿಟ್‌ಡೊ ಕಂಪನಿಯದು ಚೆನ್ನಾಗಿದೆ. ಮೈದುನರು ತರುವುದು ಹಳೆಯ ಸ್ವಿಚ್ಚೋ ಸ್ವಿಚ್ 2 ಆಗಿದೆಯೋ ಕೇಳಿಕೊಂಡು, ಅದಕ್ಕೆ ಹೊಂದುವುದನ್ನೇ ತೆಗೆದುಕೊಳ್ಳಿ. ಆದರೆ ಸ್ವಿಚ್ ತನ್ನ ಎರಡು ಪುಟ್ಟ ಕಂಟ್ರೋಲರ್‌ಗಳನ್ನು, ಅಂದರೆ ಜಾಯ್‌ಕಾನ್‌ಗಳನ್ನು, ಕಟ್ಟಿಕೊಂಡೇ ಬರುತ್ತದೆ. ಮೊದಲ ಎರಡು ತಿಂಗಳು ಅವುಗಳಲ್ಲೇ ಆಡಲಿ. ಇನ್ನೊಂದು ಮಾತು: ನಿಂಟೆಂಡೊದಲ್ಲಿ ‘ಎ’ ಗುಂಡಿ ಬಲಕ್ಕಿದೆ, ಎಕ್ಸ್‌ಬಾಕ್ಸ್‌ನಲ್ಲಿ ಕೆಳಗಿದೆ. ಡ್ಯುಯಲ್‌ಸೆನ್ಸ್ ಮೇಲಂತೂ ಅಕ್ಷರಗಳೇ ಇಲ್ಲ. ಮಕ್ಕಳು ಒಂದು ಗಂಟೆಯಲ್ಲಿ ಕಲಿಯುತ್ತಾರೆ. ನಾನು ಈಗಲೂ ತಪ್ಪು ಒತ್ತುತ್ತೇನೆ.

ನಡುವೆ ಒಬ್ಬರು (ಉಡುಪಿಯಿಂದ): ನಮ್ಮಲ್ಲಿ ಪ್ಲೇಸ್ಟೇಷನ್ 5, ಎಕ್ಸ್‌ಬಾಕ್ಸ್ ಎರಡೂ ಇವೆ. ನಮ್ಮ ಗತಿ?

ಉತ್ತರ: ಇಬ್ಬರು ಹಟಮಾರಿಗಳು. ಎರಡು ಕೊಳ್ಳಿ.

ಪ್ರಶ್ನೆ (ಮೈಸೂರಿನಿಂದ): ನನ್ನ ಬಳಿ ಎಕ್ಸ್‌ಬಾಕ್ಸ್ ಸೀರೀಸ್ ಎಸ್, ಐಪ್ಯಾಡ್ ಮತ್ತು ಡೆಸ್ಕ್‌ಟಾಪ್ ಇವೆ. ಬಳಸಿದ ಎಕ್ಸ್‌ಬಾಕ್ಸ್ ಕಂಟ್ರೋಲರ್ ಒಂದು ಅಗ್ಗವಾಗಿ ಸಿಗುತ್ತಿದೆ. ಬ್ಲೂಟೂತ್ ಇದೆ ಎಂದು ಮಾರುವವರು ಆಣೆ ಮಾಡುತ್ತಿದ್ದಾರೆ. ನಂಬಬಹುದೇ?

ಉತ್ತರ: ಆಣೆ ಬೇಡ, ಪ್ಲಾಸ್ಟಿಕ್ ನೋಡಿ. ಎಕ್ಸ್‌ಬಾಕ್ಸ್ ಕನ್ಸೋಲ್ ತನ್ನ ಕಂಟ್ರೋಲರ್ ಜೊತೆ ಮಾತನಾಡುವುದು ಬ್ಲೂಟೂತ್‌ನಲ್ಲಲ್ಲ, ಮೈಕ್ರೋಸಾಫ್ಟ್‌ನ ಸ್ವಂತ ರೇಡಿಯೊ ಭಾಷೆಯಲ್ಲಿ. 2013ರ ಮೊದಲ ಎಕ್ಸ್‌ಬಾಕ್ಸ್ ಒನ್ ಕಂಟ್ರೋಲರ್‌ನಲ್ಲಿ ಅದೊಂದೇ ಇತ್ತು. 2016ರಲ್ಲಿ ಒನ್ ಎಸ್ ಜೊತೆ ಬಂದದ್ದರಿಂದ ಮುಂದಕ್ಕೆ ಬ್ಲೂಟೂತ್ ಕೂಡ ಸೇರಿತು. ಗುರುತು ಹಿಡಿಯುವುದು ಸುಲಭ. ಹೊಳೆಯುವ ಎಕ್ಸ್‌ಬಾಕ್ಸ್ ಗುಂಡಿಯ ಸುತ್ತಲಿನ ಪ್ಲಾಸ್ಟಿಕ್, ಮುಂಭಾಗದ ಇಡೀ ಮುಖದ ಜೊತೆ ಒಂದೇ ತುಂಡಿನಲ್ಲಿದ್ದರೆ ಬ್ಲೂಟೂತ್ ಇದೆ. ಮೇಲಿನ ಭುಜದ ಗುಂಡಿಗಳ ತುಂಡೇ ಇಳಿದು ಬಂದು ಅದನ್ನು ಸುತ್ತುವರಿದಿದ್ದರೆ ಇಲ್ಲ. ಅದು ನಿಮ್ಮ ಐಪ್ಯಾಡ್‌ಗೆ ಆಗದು.

ಹಣ ಸ್ವಲ್ಪ ಹೆಚ್ಚಾದರೂ 2020ರ ನಂತರದ್ದನ್ನು, ಅಂದರೆ ನಡುವೆ ‘ಶೇರ್’ ಗುಂಡಿ ಇರುವುದನ್ನು ಹುಡುಕಿ. ಮೇಲಂಚಿನ ಜೋಡಣೆ ಗುಂಡಿಯನ್ನು ಎರಡು ಬಾರಿ ಒತ್ತಿದರೆ ಅದು ಕನ್ಸೋಲ್‌ನಿಂದ ಐಪ್ಯಾಡ್‌ಗೆ, ಐಪ್ಯಾಡ್‌ನಿಂದ ಕನ್ಸೋಲ್‌ಗೆ ಹೋಗುತ್ತದೆ. ಎರಡು ಎಎ ಸೆಲ್ ಹಾಕುವ ವ್ಯವಸ್ಥೆಯನ್ನು ನೋಡಿ ‘ಇನ್ನೂ ಸೆಲ್ಲೇ?’ ಎಂದು ಮೂಗು ಮುರಿಯುವವರಿದ್ದಾರೆ. ನನಗೆ ಅದು ಅಚ್ಚುಮೆಚ್ಚು. ಒಳಗೆ ಕೂರಿಸಿದ ಲಿಥಿಯಂ ಬ್ಯಾಟರಿ ಕೆಲವು ವರ್ಷಗಳಲ್ಲಿ ಸೊರಗುತ್ತದೆ, ಬದಲಿಸಲು ಮೈಯನ್ನೇ ಬಿಚ್ಚಬೇಕು. ಇದಕ್ಕಾದರೆ ಚಾರ್ಜ್ ಆಗುವ ನಿಕಲ್ ಸೆಲ್ ನಾಲ್ಕು ತಂದಿಟ್ಟುಕೊಂಡರೆ ಎರಡು ಒಳಗೆ, ಎರಡು ಚಾರ್ಜರ್‌ನಲ್ಲಿ. ಗೋಡೆ ಗಡಿಯಾರದ ಅಗ್ಗದ ಸೆಲ್ ಹಾಕಿ ಮಳೆಗಾಲವಿಡೀ ಮರೆತುಬಿಡಬೇಡಿ. ಸೋರಿ ತಾಮ್ರವನ್ನು ತಿಂದುಹಾಕಿದ ಎಷ್ಟೋ ಕಂಟ್ರೋಲರ್‌ಗಳನ್ನು ನಾನು ಉಜ್ಜಿದ್ದೇನೆ.

ಪ್ರಶ್ನೆ (ಹುಬ್ಬಳ್ಳಿಯಿಂದ): ಒಂದೂವರೆ ವರ್ಷದಲ್ಲಿ ನನ್ನ ಕಂಟ್ರೋಲರ್‌ನ ಎಡ ಕಡ್ಡಿ (ಹೆಬ್ಬೆರಳಿನಿಂದ ದಿಕ್ಕು ತಿರುಗಿಸುವುದು) ಮುಟ್ಟದಿದ್ದರೂ ತಾನೇ ಓಡುತ್ತದೆ. ಹೊಸದರಲ್ಲಿ ‘ಹಾಲ್ ಎಫೆಕ್ಟ್’ ಇರಲೇಬೇಕು ಎಂದು ಗೆಳೆಯರು ಹೇಳುತ್ತಾರೆ. ಅದು ನಿಜವೋ ಜಾಹೀರಾತೋ?

ಉತ್ತರ: ನಿಜ. ನನ್ನ ಮೇಜಿನ ಮೇಲಿನ ರಾಶಿಯಲ್ಲಿ ಅರ್ಧಕ್ಕಿಂತ ಹೆಚ್ಚು ಇದೇ ಕಾಯಿಲೆ. ಸಾಮಾನ್ಯ ಕಡ್ಡಿಯ ಬುಡದಲ್ಲಿ ಇಂಗಾಲ ಬಳಿದ ಪಟ್ಟಿ ಇದೆ, ಅದರ ಮೇಲೆ ಲೋಹದ ನಾಲಿಗೆಯೊಂದು ಉಜ್ಜುತ್ತಾ ಜಾರುತ್ತದೆ. ಹಳೆಯ ರೇಡಿಯೊದ ವಾಲ್ಯೂಮ್ ತಿರುಗಿಸಿದಾಗ ‘ಕರಕರ’ ಎನ್ನುತ್ತಿದ್ದುದು ನೆನಪಿದೆಯೇ? ಅದೇ ಭಾಗ, ಅದೇ ಸವೆತ. ಪಟ್ಟಿ ಸವೆದ ಜಾಗದಲ್ಲಿ ನಡುಮಧ್ಯ ಯಾವುದೆಂದು ಕಂಟ್ರೋಲರ್‌ಗೇ ತಿಳಿಯುವುದಿಲ್ಲ. ಹಾಲ್ ಬಗೆಯಲ್ಲಿ ಉಜ್ಜಾಟವಿಲ್ಲ. ಕಡ್ಡಿಗೆ ಅಂಟಿದ ಅಯಸ್ಕಾಂತ ಅಲುಗುತ್ತದೆ, ಮುಟ್ಟದೆ ನಿಂತ ಸಂವೇದಕ ಅದನ್ನು ಅಳೆಯುತ್ತದೆ. ಹೊಸ ಸಂಶೋಧನೆಯೇನಲ್ಲ, ಸೆಗಾ ಕಂಪನಿಯ ಡ್ರೀಮ್‌ಕಾಸ್ಟ್ 1998ರಲ್ಲೇ ಇದನ್ನು ಬಳಸಿತ್ತು. ಈಗ ಟಿಎಂಆರ್ ಎಂಬ ಇನ್ನೊಂದು ಬಗೆಯೂ ಬಂದಿದೆ. ತತ್ವ ಅದೇ ಕಾಂತದ್ದು, ವಿದ್ಯುತ್ ಖರ್ಚು ಕಡಿಮೆ.

ಸೋಜಿಗವೆಂದರೆ, ಕನ್ಸೋಲ್ ಕಂಪನಿಗಳ ದುಬಾರಿ ಕಂಟ್ರೋಲರ್‌ಗಳಲ್ಲಿ ಇನ್ನೂ ಇಂಗಾಲದ ಪಟ್ಟಿಯೇ ಇದೆ. ಬೇರೆ ಕಂಪನಿಗಳ ಎರಡು ಮೂರು ಸಾವಿರದ ಕಂಟ್ರೋಲರ್‌ಗಳಲ್ಲಿ ಹಾಲ್ ಇದೆ. ಲ್ಯಾಪ್‌ಟಾಪ್ ಮತ್ತು ಫೋನಿನಲ್ಲಿ ಮಾತ್ರ ಆಡುವವರಿಗೆ ಎರಡನೆಯ ಮಾತಿಲ್ಲದೆ ಅದನ್ನೇ ಹೇಳುತ್ತೇನೆ. ಕನ್ಸೋಲ್ ಇದ್ದವರಿಗೆ ಆ ಭಾಗ್ಯ ಕಡಿಮೆ.

ನಿಮ್ಮ ಹಳೆಯದನ್ನು ಎಸೆಯಬೇಡಿ. ಮೊದಲು ಆಟದ ಸೆಟ್ಟಿಂಗ್‌ನಲ್ಲಿ ‘ಡೆಡ್‌ಝೋನ್’, ಅಂದರೆ ಕಡ್ಡಿಯ ಸಣ್ಣ ಅಲುಗಾಟವನ್ನು ಆಟ ಲೆಕ್ಕಿಸದ ವ್ಯಾಪ್ತಿ, ಸ್ವಲ್ಪ ಹೆಚ್ಚಿಸಿ ನೋಡಿ. ಸ್ಪಿರಿಟ್ ಹಾಕಿ ತೊಳೆದರೆ ಕೆಲವು ವಾರ ಸುಮ್ಮನಿರುತ್ತದೆ, ಆಮೇಲೆ ಮತ್ತೆ ಓಡುತ್ತದೆ. ಭಾಗವನ್ನೇ ಬದಲಿಸುವುದು ಸರಿಯಾದ ದಾರಿ. ಆದರೆ ಒಂದು ಕಡ್ಡಿಗೆ ಹದಿನಾಲ್ಕು ಬೆಸುಗೆ ಕಾಲುಗಳಿವೆ. ವಿಡಿಯೊ ನೋಡಿ ಮೊದಲ ಬಾರಿ ಬೆಸುಗೆ ಕಡ್ಡಿ ಹಿಡಿಯುವವರಿಗೆ ಇದು ಮೊದಲ ಪಾಠವಾಗಬಾರದು.

ಪ್ರಶ್ನೆ (ತುಮಕೂರಿನಿಂದ): ಡಾಂಗಲ್ (ಕಂಪ್ಯೂಟರ್‌ನ ಯುಎಸ್‌ಬಿ ಕಿಂಡಿಗೆ ಸಿಕ್ಕಿಸುವ ಪುಟ್ಟ ವೈರ್‌ಲೆಸ್ ತುಂಡು) ಇರುವ ಹೊಸ ಕಂಟ್ರೋಲರ್ ಕೊಂಡೆ. ಬ್ಲೂಟೂತ್‌ಗಿಂತ ವೇಗ ಎಂದರು. ನನಗೆ ಆಗಾಗ ತಡವರಿಸುತ್ತದೆ, ಒಂದೇ ದಿಕ್ಕಿಗೆ ಸಿಕ್ಕಿಹಾಕಿಕೊಳ್ಳುತ್ತದೆ. ಬದಲಿಸಿ ತಂದರೂ ಅದೇ ಕಥೆ.

ಉತ್ತರ: ಡಾಂಗಲನ್ನು ಎಲ್ಲಿ ಸಿಕ್ಕಿಸಿದ್ದೀರಿ? ಸಿಪಿಯು ಪೆಟ್ಟಿಗೆಯ ಹಿಂದೆ, ನೀಲಿ ಕಿಂಡಿಯಲ್ಲಿ, ಪಕ್ಕದಲ್ಲೇ ಹಾರ್ಡ್‌ಡಿಸ್ಕ್ ಇರಬೇಕು. ಯುಎಸ್‌ಬಿ 3 ಕಿಂಡಿಗಳು ಮತ್ತು ಅವುಗಳ ಕೇಬಲ್‌ಗಳು ಕೆಲಸ ಮಾಡುವಾಗ 2.4 ಗಿಗಾಹರ್ಟ್ಸ್ ಸುತ್ತಮುತ್ತ ರೇಡಿಯೊ ಗದ್ದಲ ಎಬ್ಬಿಸುತ್ತವೆ. ಇಂಟೆಲ್ ಕಂಪನಿಯೇ 2012ರಲ್ಲಿ ಇದನ್ನು ಅಳೆದು ಬರೆದಿದೆ. ನಿಮ್ಮ ಡಾಂಗಲ್ ಮಾತನಾಡುವುದೂ ಅದೇ 2.4ರಲ್ಲಿ. ಸಂತೆಯ ನಡುವೆ ನಿಲ್ಲಿಸಿ ಪಿಸುಮಾತು ಕೇಳಿಸಿಕೋ ಎಂದಂತಾಯಿತು. ಸಾಲದ್ದಕ್ಕೆ ಎದುರಿಗೆ ತಗಡಿನ ಪೆಟ್ಟಿಗೆ ಬೇರೆ.

ನೂರಿನ್ನೂರು ರೂಪಾಯಿಯ ಯುಎಸ್‌ಬಿ 2 ಎಕ್ಸ್‌ಟೆನ್ಷನ್ ಕೇಬಲ್ ತಂದು ಡಾಂಗಲನ್ನು ಮೇಜಿನ ಮೇಲೆ, ಕಣ್ಣಿಗೆ ಕಾಣುವಂತೆ ಇಡಿ. ಹೋದ ವರ್ಷ ಒಬ್ಬರು ಇದೇ ದೂರಿನೊಂದಿಗೆ ಮೂರು ಸಲ ಬಂದರು; ನನ್ನ ಮೇಜಿನ ಮೇಲೆ ಮೂರು ಸಲವೂ ಕಂಟ್ರೋಲರ್ ಸೊಗಸಾಗಿ ನಡೆಯಿತು. ಕೊನೆಗೆ ಅವರ ಮನೆಯ ಫೋಟೊ ತರಿಸಿಕೊಂಡೆ. ಡಾಂಗಲ್ ವೈಫೈ ರೂಟರ್‌ಗೂ ಹಾರ್ಡ್‌ಡಿಸ್ಕ್‌ಗೂ ನಡುವೆ ಕುಳಿತಿತ್ತು. ಮೊದಲ ದಿನವೇ ಫೋಟೊ ಕೇಳದಿದ್ದುದು ನನ್ನ ತಪ್ಪು.

ಪ್ರಶ್ನೆ (ಕಲಬುರಗಿಯಿಂದ): ಫೋನಿನಲ್ಲಿ ಬಿಜಿಎಂಐ (ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ) ಆಡಲು ಯಾವ ಕಂಟ್ರೋಲರ್ ಒಳ್ಳೆಯದು?

ಉತ್ತರ: ಯಾವುದೂ ಅಲ್ಲ. ಆ ಆಟ ಕಂಟ್ರೋಲರನ್ನು ಅಧಿಕೃತವಾಗಿ ಒಪ್ಪುವುದಿಲ್ಲ. ಗುಂಡಿ ಒತ್ತಿದ್ದನ್ನು ಬೆರಳ ಸ್ಪರ್ಶವೆಂದು ನಟಿಸುವ ಆ್ಯಪ್‌ಗಳನ್ನು ಹಾಕಿಕೊಂಡರೆ ಖಾತೆಯೇ ನಿಷೇಧವಾಗಬಹುದು. ಕಾಲ್ ಆಫ್ ಡ್ಯೂಟಿ ಮೊಬೈಲ್ ಒಪ್ಪುತ್ತದೆ.

ಮತ್ತೆ ದಾವಣಗೆರೆಯಿಂದ: ಸರ್, ನಿಮ್ಮ ಉತ್ತರವನ್ನು ಮಕ್ಕಳಿಗೆ ಓದಿ ಹೇಳಿದೆ. ಈಗ ದೊಡ್ಡವನು ‘ಹಾಗಾದರೆ ನನಗೆ ಹಾಲ್ ಇರುವುದು ಬೇರೆ ಕೊಡಿಸು’ ಎನ್ನುತ್ತಿದ್ದಾನೆ. ಅದನ್ನು ಆಮೇಲೆ ನೋಡಿಕೊಳ್ಳುತ್ತೇನೆ. ಡ್ಯುಯಲ್‌ಸೆನ್ಸ್ ತರಲು ನಾಳೆ ಪೇಟೆಗೆ ಹೋಗುತ್ತಿದ್ದೇನೆ. ನಕಲಿ ಕೊಟ್ಟರೆ ನನಗೆ ಹೇಗೆ ತಿಳಿಯಬೇಕು?

ಉತ್ತರ: ಅಂಗಡಿಯಲ್ಲೇ ಪ್ಲೇಸ್ಟೇಷನ್‌ಗೆ ಜೋಡಿಸಿ ತೋರಿಸಿ ಎನ್ನಿ, ಇಲ್ಲವಾದರೆ ಜಿಎಸ್‌ಟಿ ಬಿಲ್ಲು ಮತ್ತು ವಾರಂಟಿ ಇಲ್ಲದೆ ಹಣ ಕೊಡಬೇಡಿ. ಬೆಲೆ ಅರ್ಧಕ್ಕೆ ಇಳಿದಿದ್ದರೆ ಕಾರಣ ಕೇಳುವ ಅಗತ್ಯವೂ ಇಲ್ಲ, ಹೊರಟುಬಿಡಿ. ಮನೆಯಲ್ಲಿ ಜೋಡಿಸಿದಾಗ ಕಂಟ್ರೋಲರ್‌ನ ಅಪ್‌ಡೇಟ್ ಮಾಡಲೇ ಎಂದು ಪರದೆ ಕೇಳಿದರೆ ಮಕ್ಕಳು ಅವಸರದಲ್ಲಿ ‘ಆಮೇಲೆ’ ಎಂದು ಒತ್ತದಂತೆ ನೋಡಿಕೊಳ್ಳಿ. ನಾಲ್ಕು ಯಂತ್ರಗಳ ನೆನಪು ಬರುವುದು ಅದರಿಂದಲೇ.

ಹಾಂ, ಬಿಡಿಯಾಗಿ ಕೊಂಡ ಡ್ಯುಯಲ್‌ಸೆನ್ಸ್‌ನ ಪೆಟ್ಟಿಗೆಯಲ್ಲಿ ಕೇಬಲ್ ಇರುವುದಿಲ್ಲ, ಅಂಗಡಿಯವರು ತೆಗೆದಿಟ್ಟುಕೊಂಡರೆಂದು ಜಗಳಕ್ಕೆ ನಿಲ್ಲಬೇಡಿ. ಕನ್ಸೋಲ್ ಜೊತೆ ಬಂದಿದ್ದ ಹಳೆಯ ಕೇಬಲ್ ಮನೆಯಲ್ಲೇ ಇರಬೇಕು, ಮೊದಲ ಜೋಡಣೆಗೆ ಅದನ್ನೇ ಬಳಸಿ. ಬರೀ ಚಾರ್ಜ್ ಮಾಡುವ ಅಗ್ಗದ ಕೇಬಲ್ ಹಾಕಿದರೆ ದೀಪ ಉರಿಯುತ್ತದೆ, ಜೋಡಣೆ ಮಾತ್ರ ಆಗುವುದಿಲ್ಲ.