ಎದೆಯ ಗಾಯ ಕೀವಾಗದ ಹಾಗೆ ನೀವೇನು ಮಾಡಿದ್ರಿ?

ದಾವಣಗೆರೆಯಿಂದ ಕೇಳಿದ್ದು:
ಅಮ್ಮನಿಗೆ 62 ವರ್ಷ. ಇನ್ನು ಮೂರು ವಾರಕ್ಕೆ ಬೆಂಗಳೂರಿನಲ್ಲಿ ಹೃದಯದ ಬೈಪಾಸ್ ಆಪರೇಷನ್. ಶುಗರ್ ಇದೆ, ಮೈಯೂ ಸ್ವಲ್ಪ ದಪ್ಪ. ನಮ್ಮ ಬೀದಿಯಲ್ಲೊಬ್ಬರು ಎದೆಯ ಗಾಯ ಕೀವಾಗಿ ತುಂಬಾ ಕಷ್ಟಪಟ್ಟರು, ಅದನ್ನು ನೋಡಿ ಭಯ ಹತ್ತಿದೆ. ನಿಮ್ಮ ಅನುಭವ ಹೇಳಿ.

ನಿಟ್ಟುವಳ್ಳಿಯಿಂದ:
ನಮ್ಮಪ್ಪನಿಗೂ ಹೀಗೇ ಆಯ್ತು, ಅದಕ್ಕೇ ಉದ್ದ ಬರೆಯುತ್ತೇನೆ. ಆಪರೇಷನ್ ಚೆನ್ನಾಗೇ ಆಗಿತ್ತು. ತಪ್ಪು ಮಾಡಿದ್ದು ಮನೆಗೆ ಬಂದ ಮೇಲೆ, ನಾವೇ. ಏಪ್ರಿಲ್ ಬಿಸಿಲು, ಬೆವರು, ಅದರ ಮೇಲೆ ದಿನಕ್ಕೆ ಹತ್ತು ಹದಿನೈದು ಜನ ನೋಡಲು ಬರುವವರು. ಬಂದವರೆಲ್ಲ ಮಂಚದ ಮೇಲೇ ಕೂತು ಅಂಗಿ ಸರಿಸಿ ಗಾಯ ನೋಡುವವರು, ಬೇಡ ಅನ್ನಲು ನಮಗೆ ಸಂಕೋಚ. ಯಾರೋ ಅರಿಶಿನ, ಕೊಬ್ಬರಿ ಎಣ್ಣೆ ಹಚ್ಚಿ ಅಂದರು, ಹಚ್ಚಿದೆವು. 18ನೇ ದಿನ ಅಪ್ಪನ ಬಿಳಿ ಬನಿಯನ್ ಮೇಲೆ, ಗಾಯದ ಕೆಳತುದಿಗೆ ಸರಿಯಾಗಿ, ಎಂಟಾಣೆಯಷ್ಟು ಅಗಲದ ಹಳದಿ ಕಲೆ. ಅರಿಶಿನದ ಕಲೆ ಅಂದುಕೊಂಡು ಮೂರು ದಿನ ಸುಮ್ನೆ ಕೂತೆವು. ಅದು ಕೀವು. ನಾಲ್ಕನೇ ದಿನ ಚಳಿಜ್ವರ ಬಂತು, ಮತ್ತೆ ಬೆಂಗಳೂರು, ಗಾಯ ಬಿಚ್ಚಿ ತೊಳೆದರು. ಮೂಳೆಗೆ ಇಳಿದಿರಲಿಲ್ಲ, ಅದೇ ಪುಣ್ಯ.

ಹಾಗಾಗಿ ಡಾಕ್ಟರ್ ಬರೆದುಕೊಡದ ಯಾವುದನ್ನೂ ಗಾಯಕ್ಕೆ ಹಚ್ಚಬೇಡಿ. ಪೌಡರ್ ಕೂಡ ಬೇಡ. ಮುಟ್ಟುವ ಮೊದಲು ಸೋಪಿನಲ್ಲಿ ಕೈ ತೊಳೆಯಿರಿ, ದಿನಾ ಒಗೆದ ಹತ್ತಿ ಬಟ್ಟೆ ಹಾಕಿ, ಬೆಳಕಿನಲ್ಲಿ ಒಂದು ಸಲ ಗಾಯ ನೋಡಿ. ಕೆಂಪಾಗಿ ಊದಿದರೆ, ನೀರು ಸೋರಿದರೆ, ಜ್ವರ ಬಂದರೆ, ಕೆಮ್ಮಿದಾಗ ಎದೆಮೂಳೆ ಕಟಕ್ ಅಂದರೆ ಅವತ್ತೇ ಫೋನ್ ಮಾಡಿ. ನೋಡಲು ಬರುವವರಿಗೆ ಬಾಗಿಲಲ್ಲೇ ಕೈ ಮುಗಿದು "ಒಂದು ತಿಂಗಳು ಬಿಟ್ಟು ಬನ್ನಿ" ಅನ್ನಿ. ಬೇಜಾರಾದರೂ ಪರವಾಗಿಲ್ಲ.

ಚಿತ್ರದುರ್ಗದಿಂದ:
ನನಗೇ ಆಪರೇಷನ್ ಆಗಿದೆ ತಂಗಿ. ಹೆಂಗಸರ ವಿಷಯ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ನಾನು ಹೇಳುತ್ತೇನೆ. ಎದೆಯ ಭಾರ ಎರಡೂ ಕಡೆಯಿಂದ ಗಾಯವನ್ನು ಎಳೆಯುತ್ತದೆ, ಕೆಳಗೆ ಬೆವರು ನಿಲ್ಲುತ್ತದೆ. ಡಾಕ್ಟರನ್ನು ಕೇಳಿ, ಮುಂದೆ ಹುಕ್ ಇರುವ ಮೆತ್ತನೆ ಹತ್ತಿ ಬ್ರಾ ಮೊದಲೇ ತಂದಿಡಿ. ರಾತ್ರಿಯೂ ಹಾಕಿಕೊಂಡಿದ್ದೆ, ನೋವು ಎಷ್ಟೋ ಕಡಿಮೆ ಆಯ್ತು. ಕೆಮ್ಮು ಬಂದಾಗ ದಿಂಬನ್ನು ಎದೆಗೆ ಅವುಚಿಕೊಳ್ಳಬೇಕು. ಹೃದಯಕ್ಕೆ ಜೋಡಿಸಲು ಕಾಲಿನಿಂದ ರಕ್ತನಾಳ ತೆಗೆದಿದ್ದರೆ ಆ ಗಾಯವನ್ನೂ ಮರೆಯಬೇಡಿ, ನನಗೆ ಎದೆ ಒಣಗಿದ ಮೇಲೂ ಕಾಲು ಸೋರುತ್ತಿತ್ತು.

ದಾವಣಗೆರೆಯಿಂದ, ನರ್ಸ್ ಆಗಿದ್ದವಳು:
ಮೂರು ವಾರ ಸಮಯ ಇದೆಯಲ್ಲ, ಅದೇ ದೊಡ್ಡದು. ಈಗಿನಿಂದಲೇ ಶುಗರ್ ಹತೋಟಿಗೆ ತನ್ನಿ, ಮೂರು ತಿಂಗಳ ಸರಾಸರಿ ತೋರಿಸುವ ಪರೀಕ್ಷೆಯನ್ನೂ ಮಾಡಿಸಿ. ಆಪರೇಷನ್ ಆದ ಮೇಲೆ ಶುಗರ್ ಇಲ್ಲದವರಿಗೂ ಏರುತ್ತದೆ, ಸಾಮಾನ್ಯವಾಗಿ 180 ದಾಟದ ಹಾಗೆ ಇಡಲು ನೋಡುತ್ತಾರೆ. ಎಲೆಅಡಿಕೆ ಜೊತೆ ತಂಬಾಕು ಇದ್ದರೆ ಇವತ್ತೇ ಬಿಡಿಸಿ. ಹಲ್ಲು ಹುಳುಕಿದ್ದರೆ ತೋರಿಸಿ. ಮನೆಯಲ್ಲಿ ಬ್ಲೇಡು, ರೇಜರ್ ಹಾಕಿ ಕಾಲಿನ ಕೂದಲು ತೆಗೆಯಬೇಡಿ. ಕಣ್ಣಿಗೆ ಕಾಣದ ಗೀರು ಬೀಳುತ್ತವೆ, ರೋಗಾಣು ಸೇರುವುದು ಅಲ್ಲೇ. ತೆಗೆಯಲೇಬೇಕಿದ್ದರೆ ಆಸ್ಪತ್ರೆಯಲ್ಲಿ ಕ್ಲಿಪ್ಪರ್‌ನಲ್ಲಿ ತೆಗೆಯುತ್ತಾರೆ. ಈ ಗಾಯಗಳನ್ನು ಹೆಚ್ಚಾಗಿ ಕೆಡಿಸುವ ಸ್ಟೆಫೈಲೊಕಾಕಸ್ ಅನ್ನುವ ರೋಗಾಣು ಎಷ್ಟೋ ಜನರ ಮೂಗಿನಲ್ಲೇ ಇರುತ್ತದೆ. ಮೂಗಿಗೆ ಹಚ್ಚುವ ಮುಪಿರೋಸಿನ್ ಮುಲಾಮು, ಹಿಂದಿನ ದಿನದ ಔಷಧಿ ಸ್ನಾನ ಇವೆಯಾ ಅಂತ ಕೇಳಿ. ಕೇಳಿದರೆ ಯಾರೂ ತಪ್ಪು ತಿಳಿಯುವುದಿಲ್ಲ.

ಕೇಳಿದವರು:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅರಿಶಿನದ ಡಬ್ಬಿ ನಮ್ಮ ಮನೆಯಲ್ಲೂ ತಯಾರಾಗಿತ್ತು, ನಿಜ ಹೇಳುತ್ತೇನೆ. ಇನ್ನೊಂದು, ಅಮ್ಮನಿಗೆ ನೆಲದ ಮೇಲೆ ಚಾಪೆ ಹಾಸಿ ಮಲಗಿಯೇ ಅಭ್ಯಾಸ. ನಡೆಯುತ್ತಾ?

ಚಿತ್ರದುರ್ಗದಿಂದ:
ಬೇಡ ತಂಗಿ. ನೆಲದಿಂದ ಏಳುವಾಗ ಕೈ ಊರಲೇಬೇಕು, ಆಗ ಮೈಭಾರವೆಲ್ಲ ಆಪರೇಷನ್‌ನಲ್ಲಿ ಕೊಯ್ದು ತಂತಿ ಹಾಕಿ ಕಟ್ಟಿದ ಎದೆಮೂಳೆ ಮೇಲೆ ಬೀಳುತ್ತದೆ. ಅದು ಕೂಡಿಕೊಳ್ಳಲು ಎರಡು ಮೂರು ತಿಂಗಳು ಬೇಕು. ಮಂಚ ಹಾಕಿಸಿ, ಕಾಲು ನೆಲಕ್ಕೆ ಸರಿಯಾಗಿ ಮುಟ್ಟುವಷ್ಟು ಎತ್ತರ ಇರಲಿ. ತುಂಬಿದ ಕೊಡ ಎತ್ತಲು ಬಿಡಬೇಡಿ.