ಏರೋಸ್ಪೇಸ್ ಶಾಪ್‌ನಲ್ಲಿ ಮೂಳೆ ಪ್ಲೇಟ್, ಸ್ಕ್ರೂ ಮಾಡಬಹುದಾ? ಗ್ರೇಡ್ 5 ಟೈಟಾನಿಯಂ ಬಾರ್ ನಡೆಯುತ್ತಾ?

ಪೀಣ್ಯ_ಟರ್ನಿಂಗ್:
ನಮಸ್ಕಾರ. ಎರಡು ಸ್ಲೈಡಿಂಗ್ ಹೆಡ್ ಲೇತ್, ಒಂದು ವಿಎಂಸಿ (ಕಂಪ್ಯೂಟರ್ ನಿಯಂತ್ರಿತ ಮಿಲ್ಲಿಂಗ್ ಯಂತ್ರ) ಇರುವ ಸಣ್ಣ ಶಾಪ್ ನಮ್ಮದು, ಸದ್ಯ ಏರೋಸ್ಪೇಸ್ ಜಾಬ್ ವರ್ಕ್. 3.5 ಎಂಎಂ ಲಾಕಿಂಗ್ ಪ್ಲೇಟ್ (ಸ್ಕ್ರೂ ತಲೆ ಪ್ಲೇಟಿನ ಥ್ರೆಡ್‌ಗೇ ಕಚ್ಚಿ ಕೂರುವಂಥದ್ದು), ಸ್ಕ್ರೂ ಮಾಡುವ ಯೋಚನೆ ಇದೆ. ಎಎಂಎಸ್ 4928 (ಏರೋಸ್ಪೇಸ್ ಲೋಹದ ಸ್ಟ್ಯಾಂಡರ್ಡ್) ಸರ್ಟಿಫಿಕೇಟ್ ಇರುವ ಗ್ರೇಡ್ 5 ಬಾರ್ ಸ್ಟಾಕ್ ಉಳಿದಿದೆ, ಅದನ್ನೇ ಬಳಸಬಹುದಾ? ಲೈಸೆನ್ಸ್ ಯಾವುದು ಬೇಕು? ಎಲ್ಲರೂ ರೋಬೋಟ್, 3ಡಿ ಪ್ರಿಂಟ್ ಅನ್ನುತ್ತಿರುವಾಗ ಮಾಮೂಲಿ ಪ್ಲೇಟಿಗೆ ಬೇಡಿಕೆ ಉಳಿಯುತ್ತಾ?

ಲೋಹವಿದ್ಯೆ:
ಬಾರ್ ವಿಷಯಕ್ಕೆ ಉತ್ತರ: ಬೇಡ. ನೋಡೋಕೆ ನಿಮ್ಮ ಬಾರ್, ಇಂಪ್ಲಾಂಟ್ ಬಾರ್ ಎರಡೂ ಟಿಐ-6ಎಎಲ್-4ವಿ (ಅಲ್ಯೂಮಿನಿಯಂ, ವನೇಡಿಯಂ ಬೆರೆತ ಟೈಟಾನಿಯಂ). ಆದರೆ ಇಂಪ್ಲಾಂಟ್‌ಗೆ ಸಾಮಾನ್ಯವಾಗಿ ಕೇಳುವುದು ಎಎಸ್‌ಟಿಎಂ ಎಫ್136, ಅಂದರೆ ಇಎಲ್‌ಐ ಗ್ರೇಡ್ (ಆಕ್ಸಿಜನ್‌ನಂಥ ಬೆರಕೆ ತೀರಾ ಕಡಿಮೆ ಇರುವುದು). ಅದರಲ್ಲಿ ಆಕ್ಸಿಜನ್ ಗರಿಷ್ಠ 0.13%, ನಿಮ್ಮ ಬಾರ್‌ನಲ್ಲಿ 0.20%ವರೆಗೆ ಇರಬಹುದು. ಐಎಸ್‌ಒ 5832-3 ಕೂಡ 0.20%ವರೆಗೆ ಒಪ್ಪುತ್ತದೆ ನಿಜ, ಆದರೆ ಮೈಕ್ರೋಸ್ಟ್ರಕ್ಚರ್ (ಲೋಹದ ಸೂಕ್ಷ್ಮ ಒಳರಚನೆ) ಸರಿ ಇದೆ ಅಂತ ಪ್ರತ್ಯೇಕವಾಗಿ ತೋರಿಸಬೇಕು. ಏರೋಸ್ಪೇಸ್ ಸರ್ಟಿಫಿಕೇಟ್ ಇಟ್ಟುಕೊಂಡು ಇಂಪ್ಲಾಂಟ್ ಅಂತ ಹೇಳಿದರೆ ಮೊದಲ ಆಡಿಟ್‌ನಲ್ಲೇ ಸಿಕ್ಕಿಬೀಳುತ್ತೀರಿ. ಇಂಪ್ಲಾಂಟ್ ಸ್ಟ್ಯಾಂಡರ್ಡ್ ಹೆಸರಲ್ಲೇ ಮಿಲ್ ಸರ್ಟಿಫಿಕೇಟ್ ಇರುವ ಬಾರ್ ತರಿಸಿ, ಹೀಟ್ ನಂಬರ್ (ಲೋಹ ಕರಗಿಸಿದ ಬ್ಯಾಚ್‌ನ ಸಂಖ್ಯೆ) ಕೊನೆಯ ಸ್ಕ್ರೂವರೆಗೂ ಲಾಟ್ ಕಾರ್ಡ್‌ನಲ್ಲಿ ಹೋಗಲಿ.

ಸ್ಟೀಲ್‌ನಲ್ಲೂ ಇದೇ ಕಥೆ. ಅಂಗಡಿಯ 316ಎಲ್ ಸ್ಟೇನ್‌ಲೆಸ್ ನಡೆಯುವುದಿಲ್ಲ, ಇಂಪ್ಲಾಂಟ್ ಸ್ಟೀಲ್‌ನ ಎಎಸ್‌ಟಿಎಂ ಎಫ್138 ಬೇಕು: ಕ್ರೋಮಿಯಂ 17–19%, ನಿಕಲ್ 13–15%, ಜೊತೆಗೆ ಕ್ರೋಮಿಯಂ + 3.3 × ಮಾಲಿಬ್ಡಿನಂ ಸೇರಿ ಕನಿಷ್ಠ 26. ಪಿಟಿಂಗ್ (ಚುಕ್ಕೆ ಚುಕ್ಕೆಯಾಗಿ ಗುಳಿ ಬೀಳುವ ತುಕ್ಕು) ತಡೆಯುವುದು ಈ ಲೆಕ್ಕವೇ.

ಇನ್ನೊಂದು, ಕೆಲಸದ ಕ್ರಮ ತಪ್ಪಿದರೆ ಕೆಲಸ ಕೆಡುತ್ತೆ. ಲೇಸರ್ ಮಾರ್ಕಿಂಗ್ ಮೊದಲು, ಪ್ಯಾಸಿವೇಷನ್ (ತುಕ್ಕು ತಡೆಯುವ ಪದರ ಬರಲು ಆಸಿಡ್‌ನಲ್ಲಿ ಅದ್ದುವುದು) ಆಮೇಲೆ. ಉಲ್ಟಾ ಮಾಡಿದರೆ ಲೇಸರ್ ಬಿದ್ದ ಜಾಗದಲ್ಲಿ ಕ್ರೋಮಿಯಂ ಆಕ್ಸೈಡ್ ಪದರ ಹಾಳಾಗಿ, ಆಟೋಕ್ಲೇವ್‌ಗೆ ಹೋಗಿ ಬಂದ ಪ್ಲೇಟ್ ಮೇಲೆ ಲಾಟ್ ನಂಬರ್ ಅಕ್ಷರಗಳೇ ಕಂದು ತುಕ್ಕು ಹಿಡಿದಿರುತ್ತವೆ. ನೈಟ್ರಿಕ್ ಆಸಿಡ್ 20–45%, ರೂಮ್ ಟೆಂಪರೇಚರ್‌ನಲ್ಲಿ ಕನಿಷ್ಠ 30 ನಿಮಿಷ. ಕಾರ್ಬನ್ ಸ್ಟೀಲ್ ಮುಟ್ಟಿದ ವೈರ್ ಬ್ರಷ್, ಟ್ರೇ ಹತ್ತಿರ ಬರಕೂಡದು.

ಕಾಯ್ದೆ_ಕಡತ:
ಅಪಾಯದ ಮಟ್ಟದ ಲೆಕ್ಕದಲ್ಲಿ (ಎಯಿಂದ ಡಿವರೆಗೆ) ಪ್ಲೇಟ್, ಸ್ಕ್ರೂ ಎರಡೂ ಸಿ ವರ್ಗ. ಮೆಡಿಕಲ್ ಡಿವೈಸಸ್ ರೂಲ್ಸ್ 2017ರ ಪ್ರಕಾರ ಲೈಸೆನ್ಸ್ ಕೊಡುವುದು ಕೇಂದ್ರದ ಔಷಧ ನಿಯಂತ್ರಣ ಸಂಸ್ಥೆ ಸಿಡಿಎಸ್‌ಸಿಒ, ರಾಜ್ಯದ ಡ್ರಗ್ಸ್ ಕಂಟ್ರೋಲ್ ಅಲ್ಲ. ಫಾರ್ಮ್ ಎಂಡಿ-7ರಲ್ಲಿ ಅರ್ಜಿ, ಎಂಡಿ-9ರಲ್ಲಿ ಲೈಸೆನ್ಸ್. ಟೆಸ್ಟಿಂಗ್‌ಗೆ ಸ್ಯಾಂಪಲ್ ತಯಾರಿಸಲೂ ಟೆಸ್ಟ್ ಲೈಸೆನ್ಸ್ ಬೇಕು (ಎಂಡಿ-12 ಅರ್ಜಿ, ಎಂಡಿ-13 ಲೈಸೆನ್ಸ್), ಬಹಳ ಜನ ಇದನ್ನು ಬಿಟ್ಟುಬಿಡುತ್ತಾರೆ. ಪರೀಕ್ಷೆಯ ಸ್ಟ್ಯಾಂಡರ್ಡ್‌ಗಳು: ಸ್ಕ್ರೂಗೆ ಎಎಸ್‌ಟಿಎಂ ಎಫ್543 (ತಿರುಚು ಬಲ, ಹಾಕುವ ಟಾರ್ಕ್, ಕೀಳುವ ಬಲ), ಪ್ಲೇಟಿಗೆ ಎಫ್382 (ನಾಲ್ಕು ಪಾಯಿಂಟ್ ಬೆಂಡಿಂಗ್, ಫಟೀಗ್ ಅಂದರೆ ಪದೇ ಪದೇ ಬಾಗಿಸಿ ನೋಡುವುದು), ಜೈವಿಕ ಹೊಂದಾಣಿಕೆಗೆ ಐಎಸ್‌ಒ 10993.

ಲೈಸೆನ್ಸ್ ಇರುವವರಿಗೆ ಟರ್ನಿಂಗ್, ಮಿಲ್ಲಿಂಗ್ ಮಾತ್ರ ಮಾಡಿಕೊಟ್ಟರೆ ನೀವು ಅವರ ಕ್ವಾಲಿಟಿ ಸಿಸ್ಟಂನಡಿ ಸಪ್ಲೈಯರ್. ಆಡಿಟ್ ಅವರೇ ಮಾಡುತ್ತಾರೆ. ಶುರು ಮಾಡಲು ಇದೇ ಸರಿಯಾದ ಬಾಗಿಲು.

ಸೆಟ್_ಬಾಕ್ಸ್:
ಮಾರ್ಕೆಟ್ ಬಗ್ಗೆ. ರೋಬೋಟ್ ಬಂದಿರುವುದು ಮುಖ್ಯವಾಗಿ ಮಂಡಿ, ಸೊಂಟದ ಕೀಲು ಬದಲಾವಣೆಗೆ, ಸ್ವಲ್ಪ ಬೆನ್ನುಮೂಳೆಗೆ. ಬೈಕಿನಿಂದ ಬಿದ್ದು ಮಣಿಕಟ್ಟು ಮುರಿದುಕೊಂಡವರಿಗೆ ಬೇಕಿರುವುದು ಪ್ಲೇಟೇ. ಮಂಡಿ ಇಂಪ್ಲಾಂಟ್‌ಗೆ 2017ರ ಆಗಸ್ಟ್‌ನಲ್ಲಿ ಕೇಂದ್ರದ ಔಷಧ ಬೆಲೆ ಪ್ರಾಧಿಕಾರ ಎನ್‌ಪಿಪಿಎ ಬೆಲೆ ಮಿತಿ ಹಾಕಿತು, ಕೋಬಾಲ್ಟ್ ಕ್ರೋಮ್ ಸೆಟ್‌ಗೆ ಜಿಎಸ್‌ಟಿ ಬಿಟ್ಟು ₹54,720. ಇಂಪ್ಲಾಂಟ್‌ನಲ್ಲಿ ಮಾರ್ಜಿನ್ ಕುಗ್ಗಿದಾಗ ಕಂಪನಿಗಳ ಗಮನ ರೋಬೋಟ್ ಕಡೆ ತಿರುಗಿದ್ದರಲ್ಲಿ ಆಶ್ಚರ್ಯವಿಲ್ಲ, ನನ್ನ ಅಭಿಪ್ರಾಯದಲ್ಲಿ ಇದು ಲೆಕ್ಕಾಚಾರದ ಮಾತು. 3ಡಿ ಪ್ರಿಂಟ್ ಗೆಲ್ಲುವುದು ಮೂಳೆ ಒಳಗೆ ಬೆಳೆದುಕೊಳ್ಳಬೇಕಾದ ಕಡೆ: ಸೊಂಟದ ಕಪ್, ಬೆನ್ನಿನ ಕೇಜ್ (ಬೆನ್ನುಮೂಳೆಗಳ ನಡುವೆ ಇಡುವುದು). ಪದೇ ಪದೇ ಬಾಗುವ ತೆಳು ಪ್ಲೇಟಿಗೆ ಮಿಲ್ಲಿಂಗ್ ಮಾಡಿದ್ದೇ ಅಗ್ಗ, ಗಟ್ಟಿ.

ನಿಮ್ಮನ್ನು ಮುಳುಗಿಸುವುದು ಸ್ಟಾಕ್. ಆಸ್ಪತ್ರೆಗೆ ಇಡೀ ಸೆಟ್ ಹೋಗಬೇಕು, ಹಾಕಿದ್ದಕ್ಕೆ ಮಾತ್ರ ಬಿಲ್. 3.5 ಸ್ಕ್ರೂ 10ರಿಂದ 50 ಎಂಎಂವರೆಗೆ 2 ಎಂಎಂ ಅಂತರದಲ್ಲಿ 21 ಅಳತೆ, ಲಾಕಿಂಗ್, ಕಾರ್ಟಿಕಲ್ (ಪ್ಲೇಟಿಗೆ ಲಾಕ್ ಆಗದ ಮಾಮೂಲಿ ಸ್ಕ್ರೂ) ಸೇರಿ 42. ತಲಾ ಆರು ಇಟ್ಟರೆ ಒಂದೇ ಬಾಕ್ಸ್‌ಗೆ 252 ಸ್ಕ್ರೂ. ಪ್ಲೇಟಿನಲ್ಲಿ ಎಡ, ಬಲ, ಉದ್ದ ಬೇರೆ. ಹತ್ತು ಬಾಕ್ಸ್ ಹೊರಗೆ ಬಿಟ್ಟರೆ ದುಡ್ಡೆಲ್ಲ ಅಲ್ಲೇ, ಅದರ ಮೇಲೆ ಪೇಮೆಂಟ್ ತಡ.

ಪೀಣ್ಯ_ಟರ್ನಿಂಗ್:
ಧನ್ಯವಾದ ಸರ್. ಜಾಬ್ ವರ್ಕ್‌ನಿಂದಲೇ ಶುರು ಮಾಡುತ್ತೇವೆ. ಸ್ಕ್ರೂನಲ್ಲಿ ರಿಜೆಕ್ಷನ್ ಹೆಚ್ಚು ಎಲ್ಲಿ ಬರುತ್ತೆ?

ಲೋಹವಿದ್ಯೆ:
ಮೂರು ಕಡೆ. ಒಂದು, ತಲೆಯ ಹೆಕ್ಸ್ ಗುಂಡಿ. ಅದನ್ನು ಕೊರೆಯುವ ಬ್ರೋಚ್ ಸವೆದರೆ ಮೂಲೆ ದುಂಡಾಗುತ್ತೆ, ತಳದಲ್ಲಿ ಚಿಪ್ ಉಳಿದರೆ ಡ್ರೈವರ್ ಪೂರ್ತಿ ಕೂರುವುದಿಲ್ಲ. ಹಾಕುವಾಗ ಗೊತ್ತಾಗಲ್ಲ, ತೆಗೆಯುವಾಗ ಸ್ಲಿಪ್ ಆಗಿ ಸರ್ಜನ್ ತಲೆಯನ್ನೇ ಡ್ರಿಲ್ ಮಾಡಬೇಕಾಗುತ್ತೆ. ಗೋ-ನೋಗೋ ಗೇಜ್ ಜೊತೆ ಆಳವನ್ನೂ ಅಳೆಯಿರಿ. ಎರಡು, ಲಾಕಿಂಗ್ ತಲೆಯ ಶಂಕುವಿನಾಕಾರದ ಥ್ರೆಡ್. ಸ್ಕ್ರೂ ಒಂದು ಬ್ಯಾಚ್, ಪ್ಲೇಟ್ ಇನ್ನೊಂದು ಬ್ಯಾಚ್ ಇದ್ದರೂ ತಲೆ ಒಂದೇ ಮಟ್ಟಕ್ಕೆ ಕೂರಬೇಕು, ಮಾಸ್ಟರ್ ಪ್ಲೇಟ್ ಇಟ್ಟುಕೊಳ್ಳಿ. 3.5 ಲಾಕಿಂಗ್‌ಗೆ 1.5 ಎನ್‌ಎಂ ಟಾರ್ಕ್ ಲಿಮಿಟರ್ ವಾಡಿಕೆ, ಅದಕ್ಕಿಂತ ಬಿಗಿದರೆ ಟೈಟಾನಿಯಂ ಟೈಟಾನಿಯಂಗೆ ಕಚ್ಚಿಕೊಂಡು ಹೊರಗೆ ಬರುವುದೇ ಇಲ್ಲ. ಮೂರು, ಬರ್ (ಕತ್ತರಿಸಿದ ಅಂಚಲ್ಲಿ ಉಳಿಯುವ ಚೂಪು ಲೋಹದ ಎಳೆ). ಥ್ರೆಡ್ ವರ್ಲಿಂಗ್ (ಸುತ್ತ ತಿರುಗುವ ಉಂಗುರದ ಕಟರ್‌ನಿಂದ ಥ್ರೆಡ್ ಕತ್ತರಿಸುವುದು) ಮಾಡಿದರೆ ಕಡಿಮೆ, ಆದರೆ ಸೆಲ್ಫ್ ಟ್ಯಾಪಿಂಗ್ (ತಾನೇ ಥ್ರೆಡ್ ಕೊರೆಯುವ) ತೋಡಿನ ತುದಿಯನ್ನು 10ಎಕ್ಸ್ ಲೆನ್ಸ್ ಕೆಳಗೆ ನೋಡಲೇಬೇಕು.

ಸೆಟ್_ಬಾಕ್ಸ್:
ಇನ್‌ಸ್ಟ್ರುಮೆಂಟ್ ಆರ್ಡರ್ ಕೂಡ ಕೇಳಿ ನೋಡಿ: 3.5 ಲಾಕಿಂಗ್‌ಗೆ 2.8 ಡ್ರಿಲ್ ಬಿಟ್, ಕಾರ್ಟಿಕಲ್‌ಗೆ 2.5, ಥ್ರೆಡೆಡ್ ಗೈಡ್, ಡೆಪ್ತ್ ಗೇಜ್. ಸವೆದು ಹೋಗುವ ಸಾಮಾನು, ರಿಪೀಟ್ ಬರುತ್ತೆ. ಗೈಡ್ ನೇರ ಕೂರದೆ ರಂಧ್ರ 5 ಡಿಗ್ರಿ ಮೀರಿ ಓರೆಯಾದರೆ ಲಾಕ್ ಬಲ ಇಳಿಯುತ್ತೆ, ಹಾಗಾಗಿ ಗೈಡ್‌ನ ಥ್ರೆಡ್‌ಗೂ ಸ್ಕ್ರೂನಷ್ಟೇ ಬಿಗಿ ಟಾಲರೆನ್ಸ್ ಕೊಡಿ.